ಕಾಕಾ ಬೆಳೆಸಿದ ತಲೆಕೆಳಗಿನ ಗಿಡ

ನಮ್ಮೂರು ಮೊರಬದ ಕರಿ ಮಣ್ಣಿನಲ್ಲಿ ಏನು ಬೆಳೆಯುವುದಿಲ್ಲವೋ ಅದನ್ನೇ ಬೆಳೆಯಬೇಕೆಂಬ ಹಟ ನಮ್ಮ ಕಾಕಾ ಅವರದು. ಮಾಸ್ತರಿಕೆಯಿಂದ ನಿವೃತ್ತರಾದ ಮೇಲಂತೂ ಕೇಳುವುದೇ ಬೇಡ!

ರಜೆಗೆ ಬಂದ ನನ್ನ ಮಗಳು ಭವಿಷ್ಯ ಹೇಳುವ ಟ್ಯಾರೋ ಕಾರ್ಡುಗಳನ್ನು ತಂದಿದ್ದಳು. ಕಾಕಾ ಎಳೆದ ಕಾರ್ಡಿನಲ್ಲಿ ಒಬ್ಬ ಮನುಷ್ಯ ತಲೆಕೆಳಗಾಗಿ ಮರಕ್ಕೆ ಜೋತುಬಿದ್ದಿದ್ದ. ಮುಖದಲ್ಲಿ ಮಾತ್ರ ಭಾರೀ ನೆಮ್ಮದಿ! ಅವಳು ಅರ್ಥ ಹೇಳುವ ಮೊದಲೇ ಕಾಕಾ ತೀರ್ಪು ಕೊಟ್ಟರು:

"ಇಂವ ಮನಷ್ಯಾ ಅಲ್ಲ ಬೇ, ಗಿಡಾ. ಬೇರು ಮ್ಯಾಲೆ, ಹೂವು ಕೆಳಗ. ಮೋಡದಾಗಿನ ನೀರು ನೇರ ಕುಡೀತೈತಿ. ಬೋರ್‌ವೆಲ್ ಬ್ಯಾಡ, ಕರೆಂಟ್ ಬ್ಯಾಡ!"

ಇಂಥ ಗಿಡ ಯಾಕೆ? ಕಾಕಾ ಅವರ ಹೆಂಡತಿ, ನಮ್ಮ ಚಿಗವ್ವನಿಗಾಗಿ. ವರ್ಷಗಟ್ಟಲೆ ಹೊಲದಲ್ಲಿ ಕಳೆ ಕಿತ್ತು ಅವಳ ಬೆನ್ನು ಬಾಗಿದೆ, ಕುತ್ತಿಗೆ ಮೇಲೇಳುವುದಿಲ್ಲ. ಮಂದಿ ನೋಡುತ್ತಾರೆಂಬ ನಾಚಿಕೆಗೆ ಎಂಟು ತಿಂಗಳಿಂದ ಅಂಗಳಕ್ಕೇ ಕಾಲಿಟ್ಟಿರಲಿಲ್ಲ. ಹೊರಗೆ ಬಂದು ಹೂವು ನೋಡು ಎಂದು ಕಾಕಾ ಕರೆದಾಗಲೆಲ್ಲ ಒಂದೇ ಉತ್ತರ: "ನನಗ ಕಾಣೂದು ನೆಲಾ ಒಂದ. ಅದು ಒಳಗೂ ಐತ್ರಿ." ಹೂವೇ ಕೆಳಮುಖವಾಗಿ ತೂಗಿದರೆ ಅವಳ ಕಣ್ಣಿಗೆ ಬೀಳುತ್ತದಲ್ಲ ಎಂಬುದು ಕಾಕಾ ಅವರ ಲೆಕ್ಕ.

ಕಾಕಾ ಆ ಗಿಡದ ಚಿತ್ರ ತಾವೇ ಬರೆದು, ಹಿಡಿದುಕೊಂಡು ನರ್ಸರಿಗೆ ಹೋದರು. ಅಲ್ಲಿಯವನು ಅಗದಿ ಗಂಭೀರವಾಗಿ, "ಸ್ಟಾಕ್ ಮುಗದೈತ್ರಿ ಸರ್, ಮುಂದಿನ ವಾರ ಬರ್ರಿ" ಅಂದನಂತೆ. ಇವರು ಮುಂದಿನ ವಾರ ಹೋದರು ಕೂಡ!

ಕೊನೆಗೆ ಬಣ್ಣದ ಡಬ್ಬಿಯ ತಳಕ್ಕೆ ತೂತು ಕೊರೆದು, ಚೆಂಡು ಹೂವಿನ ಸಸಿಯೊಂದನ್ನು ತಲೆಕೆಳಗಾಗಿ ತೂಗುಹಾಕಿದರು. ವಾರದಲ್ಲಿ ಅದು ಬಳುಕಿ ಮತ್ತೆ ಆಕಾಶದ ಕಡೆ ಮುಖ ಮಾಡಿತು. "ಎಲ್ಲಾರಿಗೂ ಮ್ಯಾಲಿಂದ ಬೇಕು!" ಎಂದು ಗಿಡಕ್ಕೂ ಬೈದರು.

ಮರುದಿನ ಮುಂಜಾನೆ ಚಿಗವ್ವನ ಕೋಣೆಯ ಹೊಸ್ತಿಲಲ್ಲಿ ರಂಗೋಲಿಯ ಬೇರು ಮೂಡಿತ್ತು. ಅಲ್ಲಿಂದ ಕಾಂಡ ಪಡಸಾಲೆ ದಾಟಿ, ಮೆಟ್ಟಿಲಿಳಿದು ಹೋಗಿತ್ತು. ಮೈತುಂಬ ರಂಗೋಲಿ ಪುಡಿ ಮೆತ್ತಿಕೊಂಡ ಕಾಕಾ ಅಂಗಳದಲ್ಲಿ ಮೊಣಕಾಲೂರಿ ಕೂತಿದ್ದರು.

"ಬೇರು ಇಲ್ಲೈತಿ, ಹೂವು ಎಲ್ಲೈತ್ರಿ?" ಚಿಗವ್ವ ಒಳಗಿನಿಂದಲೇ ಕೇಳಿದಳು.

"ಮುಂದ ಐತಿ. ಬಾ."

"ಎಲಿ ಏನ್ರಿ ಇವು? ಬದನಿಕಾಯಿ ಇದ್ದಂಗದಾವು!"

ಒಂದೊಂದು ಎಲೆಗೂ ತಪ್ಪು ಹುಡುಕುತ್ತ, ಬೈಯುತ್ತ, ನೆಲ ನೋಡುತ್ತಲೇ ಅವಳು ಅಂಗಳದವರೆಗೆ ಬಂದುಬಿಟ್ಟಳು. ಕಾಂಡ ಮುಗಿದಲ್ಲಿ ಹೂವಿರಲಿಲ್ಲ, ರಂಗೋಲಿ ಪುಡಿಯ ಬಟ್ಟಲಿತ್ತು.

"ಹೂವು ನನಗ ಬರೂದಿಲ್ಲ" ಅಂದರು ಕಾಕಾ. ಮೂವತ್ತು ವರ್ಷ ಮಕ್ಕಳಿಗೆ ಚಿತ್ರ ಬರೆಯಲು ಕಲಿಸಿದವರು!

"ಸರೀರಿ ಅತ್ತಾಗ" ಎಂದು ಚಿಗವ್ವ ಅವರ ಪಕ್ಕದಲ್ಲೇ ಕೂತು, ಮೊದಲ ಎಸಳು ಎಳೆದಳು.