ಕಂಪ್ಯೂಟರಿನೊಳಗೆ ನಮ್ಮ ಮನೆಯ ಮಲ್ಲರು

ನಮ್ಮ ಬಂಧುಬಳಗದವರನ್ನೆಲ್ಲ ಒಬ್ಬರ ಮೇಲೊಬ್ಬರನ್ನು ಬಿಟ್ಟು ಹೊಡೆದಾಡಿಸಿ, ಆಮೇಲೂ ಎಲ್ಲರ ಮನೆಯಲ್ಲಿ ಹೋಳಿಗೆ ಊಟ ಗಿಟ್ಟಿಸಿಕೊಂಡ ಮಹಾನುಭಾವ ಒಬ್ಬನೇ: ನನ್ನ ಸೋದರಮಾವ! ಆಸ್ತಿ ಜಗಳ ಹಚ್ಚಿದ ಅಂದುಕೊಂಡಿರಾ? ಛೆ, ಅಷ್ಟು ಸಾಧಾರಣ ಕೆಲಸಕ್ಕೆ ಅವನು ಕೈ ಹಾಕುವವನೇ ಅಲ್ಲ.

ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರದ ಮನೆಯಲ್ಲಿ ಹುಟ್ಟಿಯೂ ಒಂದು ಸೀರೆ ಮಡಚಲು ಬಾರದ ಈ ಪುಣ್ಯಾತ್ಮ, ಓದುವುದಕ್ಕೆಂದು ಚಳ್ಳಕೆರೆಗೆ, ಅಕ್ಕನ ಮನೆಗೆ, ಅಂದರೆ ನಮ್ಮ ಮನೆಗೆ ಬಂದ. ಅದು ತೊಂಬತ್ತರ ದಶಕ. ಬಸ್ ಸ್ಟ್ಯಾಂಡಿನ ಹಿಂದೆ ಆಗಷ್ಟೇ ಒಂದು ವಿಡಿಯೋ ಗೇಮ್ ಅಂಗಡಿ ತೆರೆದಿತ್ತು. ಅಲ್ಲಿನ ಹೊಡೆದಾಟದ ಆಟಕ್ಕೆ ಅವನು ಎಂಥಾ ಶಿಷ್ಯನಾದನೆಂದರೆ, ಕಾಲೇಜಿನಲ್ಲಿ ಅವನನ್ನು ಯಾರೂ ಗುರುತಿಸದಿದ್ದರೂ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ನಮಸ್ಕಾರ ಹೊಡೆಯುತ್ತಿದ್ದರು!

ನಾನು ಪಿ.ಯು.ಸಿ.ಗೆ ಬರುವ ಹೊತ್ತಿಗೆ ನಮ್ಮ ಮುಂದಿನ ಕೋಣೆಯಲ್ಲೇ ಅವನ ಕಂಪ್ಯೂಟರ್ ಅಂಗಡಿ ನಡೆಯುತ್ತಿತ್ತು. ಲಗ್ನಪತ್ರಿಕೆ, ಪಾಸ್‌ಪೋರ್ಟ್ ಫೋಟೊ. ಬೀರುವಿನಷ್ಟು ಭಾರದ ಆ ಕಂಪ್ಯೂಟರಿಗೆ ಅವ್ವ ಹೊಲಿದ ಹೂವಿನ ಗವಸು ಬೇರೆ. ಒಂದು ದಿನ ದಾವಣಗೆರೆಯಿಂದ ಸಿ.ಡಿ.ಯೊಂದನ್ನು ಹಿಡಿದುಕೊಂಡು ಓಡಿಬಂದ.

"ನೋಡೇ, ಅದೇ ಹೊಡೆದಾಟ! ಆದ್ರೆ ಕಂಪನಿಯೋರು ಮಾಡಿದ್ದಲ್ಲ. ಎಲ್ಲೆಲ್ಲೋ ಇರೋ ನನ್ನಂಥ ಹುಚ್ಚರು ಮಾಡಿರಾದು. ನಮ್ಗೆ ಬೇಕಾದೋರ ಫೋಟೊ ಹಾಕಿ ಮಲ್ಲರನ್ನ ಮಾಡ್ಬೋದಂತೆ!"

ಮೊದಲು ಸಿಕ್ಕವಳು ಮೊಳಕಾಲ್ಮೂರಿನಿಂದ ಬಂದಿದ್ದ ಅಜ್ಜಿ, ಅಂದರೆ ಅವನ ಅವ್ವ. ಹಿತ್ತಲ ಗೋಡೆಗೆ ನಿಲ್ಲಿಸಿ, ಎರಡೂ ಕೈ ಮುಂದಕ್ಕೆ ಚಾಚಿಸಿ, "ಜೋರಾಗಿ ಕೂಗವ್ವ" ಅಂದ.

"ಏಮಿರಾ ಇದಿ? ನಂಗೇನ್ ದೆವ್ವ ಹಿಡಿದೈತೇನೋ?" ಎಂದು ಅಜ್ಜಿ, 'ಏನೋ ಇದು' ಎಂಬುದನ್ನು ತನ್ನ ತೆಲುಗಿನಲ್ಲೇ ಸೇರಿಸಿ ಕೂಗಿದಳು. ಅದನ್ನೇ ರೆಕಾರ್ಡ್ ಮಾಡಿಕೊಂಡ! ಮೂಲ ಆಟದ ಮಲ್ಲರು ಕೈಯಿಂದ ಬೆಂಕಿಯುಂಡೆ ಎಸೆದರೆ ನಮ್ಮಜ್ಜಿ ಹಬೆಯಾಡುವ ರಾಗಿಮುದ್ದೆ ಎಸೆಯುತ್ತಿದ್ದಳು. ಪ್ರತಿ ಮುದ್ದೆಗೂ ಒಂದು "ಏಮಿರಾ ಇದಿ!"

ಎರಡನೆಯವರು ಶೇಂಗಾ ವ್ಯಾಪಾರಿಯಾದ ನಮ್ಮ ದೊಡ್ಡಪ್ಪ. ಮಾರುಕಟ್ಟೆಯಲ್ಲಿ ಮೂಟೆಗಳ ಮುಂದೆ ನಿಂತು ಗುದ್ದುವ, ಒದೆಯುವ ಭಂಗಿಗಳನ್ನೆಲ್ಲ ಖುಷಿಯಿಂದಲೇ ಕೊಟ್ಟರು. ಕೊನೆಗೆ ಮಾವ, "ಸೋತಾಗ ಬೀಳೋ ಫೋಟೊ ಒಂದು ಬೇಕ್ರಿ, ಮಲಗ್ರಿ" ಅಂದ. ಪೇಟ ಪಕ್ಕಕ್ಕೆ ಉರುಳುವಂತೆ ದೊಡ್ಡಪ್ಪ ಅಂಗಾತ ಮಲಗಿದ್ದೇ ತಡ, ಮೂರ್ಛೆ ಬಂತೆಂದು ಹಮಾಲರೆಲ್ಲ ಓಡಿಬಂದರು. ಒಬ್ಬ ಕೈಗೆ ಬೀಗದ ಕೈ ತುರುಕಿದ, ಇನ್ನೊಬ್ಬ ಮೂಗಿಗೆ ಚಪ್ಪಲಿ ಹಿಡಿದ. ದೊಡ್ಡಪ್ಪ ಮಲಗಿದಲ್ಲಿಂದಲೇ ಗದರಿದರು: "ಸತ್ತಿಲ್ಲ ಕಣ್ರಲೇ, ಸೋತಿದೀನಿ ಅಷ್ಟೇ!"

ಆಟ ತಯಾರಾಗಿ, ಅದರಲ್ಲಿ ತಾವು ಅಜ್ಜಿಯ ಕೈಲಿ ಸೋಲುವುದನ್ನು ಕಣ್ಣಾರೆ ಕಂಡ ಮೇಲೆ ಅವರ ನೆಮ್ಮದಿಯೇ ಹೋಯಿತು.

"ಲೇ, ಮೂಟೆ ಎತ್ತಿದ ಮೈ ಇದು! ಒಂದ್ ಮುದ್ದೆಗೆ ಬೀಳ್ತೀನೇನೋ?"

"ನಮ್ಮವ್ವನ ಮುದ್ದೆ ನೀವಿನ್ನೂ ಉಂಡಿಲ್ಲ ಬಿಡ್ರಿ" ಅಂದ ಮಾವ.

ಆಮೇಲೆ ದೊಡ್ಡಪ್ಪ ಶೇಂಗಾ ಉಂಡೆಯ ಡಬ್ಬಿಯೊಂದಿಗೆ ಬರತೊಡಗಿದರು. "ನಂಗೊಂದೀಟು ಶಕ್ತಿ ಜಾಸ್ತಿ ಮಾಡೋ" ಎಂಬ ಗುಟ್ಟಿನ ಅರ್ಜಿ! ಉಂಡೆ ಖಾಲಿಯಾಯಿತು, ಶಕ್ತಿ ಮಾತ್ರ ಹೆಚ್ಚಲಿಲ್ಲ.

ಹೀಗೆ ಅತ್ತೆಯರು, ಚಿಕ್ಕಪ್ಪ, ಪಕ್ಕದ ಬೀದಿಯ ಟೈಲರು ಎಲ್ಲರೂ ಮಲ್ಲರಾದರು. ಆಗದೆ ಉಳಿದವಳು ನಮ್ಮವ್ವ ಒಬ್ಬಳೇ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅವಳ ಬಲಗಾಲಿನ ಬಲವನ್ನೆಲ್ಲ ಕೊಂಡೊಯ್ದಿತ್ತು. ತೊಡೆಗೆ ಕೈಯೂರಿಕೊಂಡೇ ಮನೆ ತುಂಬ ಓಡಾಡುತ್ತಿದ್ದಳು.

"ಊರೋರೆಲ್ಲ ಬೇಕು, ಅಕ್ಕ ಬ್ಯಾಡೇನೋ ನಿಂಗೆ?" ಎಂದು ಒಮ್ಮೆ ಕೇಳಿಯೇ ಬಿಟ್ಟಳು. ಮಾತಿನ ಮಲ್ಲ ಮಾವ ಅವಳನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕಾರು ಫೋಟೊ ತೆಗೆದುಕೊಂಡು ಸುಮ್ಮನಾದ. ಅವ್ವ ಮತ್ತೆ ಕೇಳಲಿಲ್ಲ.

ಕೆಲವು ವಾರಗಳ ನಂತರ, ಒಂದು ಭಾನುವಾರ ಮಧ್ಯಾಹ್ನ ಮಾವ ಅವ್ವನನ್ನೂ ನನ್ನನ್ನೂ ಕರೆದ. ಅವ್ವ ಗೋಡೆ ಹಿಡಿದು ಬಂದು ಕೂತಳು. ತೆರೆಯ ಮೇಲೆ ಒಂದು ಕಡೆ ದೊಡ್ಡಪ್ಪ, ಇನ್ನೊಂದು ಕಡೆ ಹಸಿರು ಸೀರೆಯ ಅವ್ವ. ಮಾವ ಬಟನ್ ಒತ್ತಿದ. ಅವ್ವ ನೆಲ ಬಿಟ್ಟು ಎದ್ದಳು! ದೊಡ್ಡಪ್ಪನ ಪೇಟದ ಮೇಲಿಂದ ಹಾರಿ, ಆಚೆ ಕಡೆ ಎರಡೂ ಕಾಲ ಮೇಲೆ ನೆಟ್ಟಗೆ ನಿಂತಳು.

ನಾನು ಚಪ್ಪಾಳೆ ಹೊಡೆದೆ. ಅವ್ವ ಹೊಡೆಯಲಿಲ್ಲ.

"ಇನ್ನೊಂದ್ ಸಲ ಹಾರ್ಸು" ಅಂದಳು.

ಹಾರಿಸಿದ. ಮತ್ತೆ, ಮತ್ತೆ. ಅವ್ವ ಕನ್ನಡಕ ಸರಿ ಮಾಡಿಕೊಂಡು ತೆರೆಯ ಹತ್ತಿರಕ್ಕೆ ಬಗ್ಗಿದಳು. "ಲೇ, ಮುಖ ನಂದೇ, ಸೀರೆ ನಂದೇ. ಈ ಕಾಲ್ ಯಾರವೋ?"

"ನನ್ವೇ ಕಣಕ್ಕ. ನೀನು ಮದ್ವೆಗೆ ಹೋದಾಗ ನಿನ್ ಸೀರೆ ಉಟ್ಕಂಡು ಮಾಳಿಗೆ ಮ್ಯಾಲೆ ಹಾರ್ದೆ. ಕ್ಯಾಮೆರಾನ ನೀರಿನ ಟ್ಯಾಂಕ್ ಮ್ಯಾಲಿಟ್ಟು."

"ಅಯ್ಯೋ ಶಿವನೇ! ಎದುರು ಮನೆಯೋರು ನೋಡಿದ್ರೇನೋ?"

"ನೋಡಿದ್ರು. ಮೈಮೇಲೆ ದೇವ್ರು ಬಂದೈತೆ ಅಂದ್ಕಂಡು ಕೈ ಮುಗುದ್ರು."

ಅವ್ವ ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಕೈ ಚಾಚಿ, ಅವನ ಪಂಚೆಯನ್ನು ಮೊಣಕಾಲಿನವರೆಗೆ ಸರಿಸಿದಳು. ಮಾಳಿಗೆಯ ನೆಲಕ್ಕೆ ಬಿದ್ದು ತರಚಿದ ಗಾಯ ಅಲ್ಲಿನ್ನೂ ಪೂರ್ತಿ ಒಣಗಿರಲಿಲ್ಲ. ಅದರ ಸುತ್ತ ಮೆಲ್ಲಗೆ ಬೆರಳಾಡಿಸುತ್ತ, "ನೋಯ್ತೈತೇನೋ?" ಅಂದಳು.