ನಡೆದರಷ್ಟೇ ನುಡಿಯುವ ಕ್ಲಾರಿನೆಟ್

ನಮ್ಮ ಯಜಮಾನರಿಗೆ ಕೂತುಕೊಂಡರೆ ಉಸಿರಾಡುವುದಕ್ಕೇ ಬರುವುದಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ನಾನೂ ನಲವತ್ತು ವರ್ಷದಿಂದ ನಗುತ್ತಿದ್ದೇನೆ! ಮಧುಗಿರಿ ಸುತ್ತಮುತ್ತಲ ಮದುವೆ ಮೆರವಣಿಗೆಗಳ ಮುಂದೆ ಕ್ಲಾರಿನೆಟ್ ಊದುತ್ತಾ ನಡೆದ ಮನುಷ್ಯ ಅವರು. ಕಾಲು ನಿಂತರೆ ನಾದವೂ ನಿಲ್ಲುತ್ತದೆ. ಉಣ್ಣಲು ಕೂತಾಗಲೂ ಎಡಗಾಲು ತಾಳ ಹಾಕುತ್ತಿರುತ್ತದೆ. ತಟ್ಟೆ ಹಿಡಿದುಕೊಳ್ಳದಿದ್ದರೆ ಸಾರೇ ಮೆರವಣಿಗೆ ಹೊರಡುತ್ತದೆ!

ಮದುವೆ ಮುಗಿಸಿ ಮಧ್ಯಾಹ್ನ ಮನೆಗೆ ಬರುವಾಗ ಇನ್ನೊಂದು ಚಾಳಿ. ಬೀದಿಯ ಮೂಲೆಯ ಹುಣಸೆಮರದ ಹತ್ತಿರ ನಿಂತು ಪೀಂ... ಪೀಪೀ... ಎಂದು ನಿಧಾನವಾಗಿ ನಾಲ್ಕು ಸಲ ಊದುತ್ತಾರೆ. ಅವರು ನಿಂತು ಊದುವುದು ಅದೊಂದನ್ನೇ. "ಕೊಳವೆಯ ಎಂಜಲು ಕಳೆಯುತ್ತಿದ್ದಾರೆ, ಇನ್ನೇನು ಬಂದರು" ಎಂದು ಗೊಣಗಿಕೊಂಡು ನಾನು ಮುದ್ದೆಗೆ ಎಸರಿಡುತ್ತಿದ್ದೆ.

ಇಂಥವರು ಈಗ ಆಲ್ಬಮ್ ಮಾಡಿದ್ದಾರೆ. ಕೇಳಿಸಿತಾ? ಆಲ್ಬಮ್! ಬ್ಯಾಂಡ್ ಸೆಟ್ಟಿನ ಐದು ಜನ ಮುದುಕರ ಹಲ್ಲುಗಳನ್ನೆಲ್ಲ ಸೇರಿಸಿದರೂ ಒಂದು ಬಾಯಿ ತುಂಬುವುದಿಲ್ಲ. ಇದಕ್ಕೆಲ್ಲ ಕಾರಣವೂ ಹಲ್ಲೇ. ಯಜಮಾನರ ಮೇಲಿನ ಹಲ್ಲುಗಳೆಲ್ಲ ಅಲ್ಲಾಡುತ್ತಿವೆ, ಮುಂದಿನ ತಿಂಗಳು ಕೀಳಲೇಬೇಕು ಎಂದರು ಡಾಕ್ಟರು. ಕ್ಲಾರಿನೆಟ್ಟನ್ನು ಕಚ್ಚಿ ಹಿಡಿಯುವುದು ಆ ಹಲ್ಲುಗಳೇ ಅಲ್ಲವೇ?

"ಹಲ್ಲು ಕಟ್ಟಿಸ್ಕೊಂಡು ಊದ್ರಿ" ಎಂದೆ.

"ಕಟ್ಟಿಸ್ಕೊಂಡ ಹಲ್ಲಲ್ಲಿ ಚಕ್ಕುಲಿ ತಿನ್ಬೋದು ಕಣೇ, ಊದಕ್ಕಾಗಕಿಲ್ಲ" ಎಂದು ಗೋಡೆಯ ಕಡೆ ತಿರುಗಿದರು.

ಆಗ ಎದ್ದಳು ನನ್ನ ಮೊಮ್ಮಗಳು, ತುಮಕೂರಿನಲ್ಲಿ ಡಿಗ್ರಿ ಓದುವ ನನ್ನ ಬಂಗಾರ! "ತಾತ, ಹಲ್ಲು ಕೀಳ್ಸೋಕ್ ಮುಂಚೆ ಎಲ್ಲಾ ರೆಕಾರ್ಡ್ ಮಾಡ್ಬುಡಣ. ಹಳೇ ಮದ್ವೆ ಹಾಡು ಐದು, ನಿನ್ ಸ್ವಂತದ್ದು ಮೂರು."

"ಸ್ವಂತದ್ದಾ? ನಿಮ್ ತಾತಂಗೆ ಸ್ವಂತದ್ದು ಅಂತಿರೋದು ಗೊರಕೆ ಒಂದೇ ಕಣವ್ವ!" ಎಂದೆ.

ತುಮಕೂರಿನ ರೆಕಾರ್ಡಿಂಗ್ ಕೋಣೆಗೆ ನಾನೂ ಹೋದೆ. ಮುದುಕರ ಮಾತ್ರೆ ಡಬ್ಬಿ ಹಿಡಿಯಲು ಒಬ್ಬರು ಬೇಕಲ್ಲ! ಐದು ಕುರ್ಚಿ, ಐದು ಮೈಕು. "ಅಲ್ಲಾಡಬೇಡಿ ಯಜಮಾನ್ರೆ" ಎಂದು ಗಾಜಿನಾಚೆಯಿಂದ ಕೈಮುಗಿದ ರೆಕಾರ್ಡಿಂಗಿನವನು. ಮೊದಲ ಹಾಡು ಶುರುವಾಗಿದ್ದೇ ತಡ, ನಮ್ಮವರು ಎದ್ದರು. ಅವರ ಹಿಂದೆ ಡ್ರಮ್ಮು ಎದ್ದಿತು, ಡ್ರಮ್ಮಿನ ಹಿಂದೆ ಟ್ರಂಪೆಟ್ಟು. ಬಾಗಿಲು ತಳ್ಳಿಕೊಂಡು ಐದೂ ಜನ ಸಾಲಾಗಿ ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ಕಡೆ ನಡೆದೇ ಬಿಟ್ಟರು! ಮೈಕಿಗೆ ಸಿಕ್ಕಿದ್ದು ಫ್ಯಾನಿನ ಸದ್ದು.

ವಾಪಸು ಕರೆತಂದು, ಟವೆಲಿನಿಂದ ಕುರ್ಚಿಗೆ ಕಟ್ಟಿ ಕೂರಿಸಿದೆವು. ಈ ಸಲ ಬಂದ ನಾದ ಕೇಳಿ ಹೊರಗೆ ನಾಯಿ ಅತ್ತಿತು.

ಡ್ರಮ್ಮಿನ ಸಾಹೇಬರು ಸಿರಾದವರು. ಕಡ್ಡಿ ಕೆಳಗಿಟ್ಟು, "ಅರೆ ಬೇಟಿ, ಹಿಂದ್ಗಡೆ ಮದ್ವೆ ಗಂಡೇ ಇಲ್ಲ. ಯಾರ್ ಮುಂದೆ ಬಾರ್ಸೋದಮ್ಮ?" ಎಂದರು.

ಕಾಯಿಲೆ ಗೊತ್ತಾಯಿತು! ಮಾರನೆಯ ದಿನ ನಮ್ಮ ಬೀದಿಯಲ್ಲೇ ಮೆರವಣಿಗೆ ಹೂಡಿದಳು ಮೊಮ್ಮಗಳು. ಫೋನು ಹಿಡಿದು ಹಿಂದುಹಿಂದಕ್ಕೆ ನಡೆಯುವವಳು ಅವಳು, ಮುಂದಕ್ಕೆ ಬರುವವರು ಮುದುಕರು. ಅವರ ಹಿಂದಿನ ಆಟೋದಲ್ಲಿ ಮದುವಣಿಗರ ಬದಲು ಕೂತವಳು ಯಾರು ಗೊತ್ತೇ? ಚೆಂಡುಹೂವಿನ ಹಾರ ಹಾಕಿಕೊಂಡು, ನಾನು! ಹಾಲು ಹಾಕಲು ಹೊರಟಿದ್ದ ಪಕ್ಕದ ಮನೆಯವಳು ಕ್ಯಾನು ಹಿಡಿದೇ ನಿಂತಳು. "ಏನಜ್ಜಿ, ಎರಡ್ನೇ ಸಂಬಂಧವಾ?"

"ಊಂ ಕಣೇ, ಮೊದಲ್ನೇದು ಲೊಡಲೊಡ ಅಂತೈತೆ!"

ಏಳು ಹಾಡು ಹೂವಿನಂತೆ ಬಂದವು. ಎಂಟನೆಯದಕ್ಕೆ ಹುಣಸೆಮರದ ಹತ್ತಿರ ಬಂದೆವು. ನಮ್ಮವರು ಕೈಯೆತ್ತಿದರು, ಬ್ಯಾಂಡ್ ನಿಂತಿತು. ಅವರೊಬ್ಬರೇ ಊದಿದರು. ಪೀಂ... ಪೀಪೀ...

ನಾನು ಆಟೋದಿಂದಲೇ ಕೂಗಿದೆ: "ಎಂಜಲು ಕಳೆದಿದ್ದು ಸಾಕು, ಹಾಡು ಊದ್ರೀ!"

ನಾಲ್ಕೂ ಸಲ ಊದಿ ಮುಗಿಸಿದರು. "ತಾತ, ಇದ್ಯಾವ್ ಹಾಡು?" ಎಂದಳು ಮೊಮ್ಮಗಳು.

ಅವರು ಕ್ಲಾರಿನೆಟ್ಟನ್ನು ಟವೆಲಿನಲ್ಲಿ ಒರೆಸುತ್ತಾ ನಿಂತರು. "ಮದ್ವೆ ಆದ ವರ್ಷ ಕಟ್ಟಿದ್ದು ಕಣವ್ವ. ಅವ್ವ ಅಪ್ಪ ಎಲ್ಲಾ ಪಡಸಾಲೇಲಿ ಕೂತಿರೋರು. ಅವರ್ ಮುಂದೆ ನಿಮ್ಮಜ್ಜಿ ಹೆಸರಿಡ್ದು ಕರೆಯಕ್ಕಾಯ್ತದಾ? ಅದ್ಕೇ ಇಲ್ಲಿಂದ್ಲೇ ಕರೀತಿದ್ದೆ."

ನಲವತ್ತು ವರ್ಷ! ಹಾರ ಸರಿಮಾಡಿಕೊಂಡು ಆಟೋದಿಂದ ಇಳಿದೆ. ನನ್ನ ಕೂಗನ್ನು ಕತ್ತರಿಸಿ ತೆಗೆಯುತ್ತೇನೆಂದಳು ಮೊಮ್ಮಗಳು. "ಬುಡು, ಇರ್ಲಿ" ಎಂದರು ಅವರು. ಹಾಗಾಗಿ ಆಲ್ಬಮ್ಮಿನಲ್ಲಿ ನಾನೂ ಇದ್ದೇನೆ. ಕೊರಟಗೆರೆ ಬಸ್ಸಿನ ಡ್ರೈವರ್ ದಿನಾ ಹಾಕುತ್ತಾನಂತೆ!

ಮೊನ್ನೆ ಹಲ್ಲು ಕೀಳಿಸಿಕೊಂಡು ಬಂದರು, ಬಾಯಿ ತುಂಬ ಹತ್ತಿ. ಹುಣಸೆಮರದ ಹತ್ತಿರ ಅವರ ಜೇಬಿನ ಫೋನು ಪೀಂ... ಪೀಪೀ... ಎಂದು ಊದಿತು. ಎರಡು ದಿನ ಬಿಸಿಯದೇನೂ ಕೂಡದು ಎಂದಿದ್ದರು ಡಾಕ್ಟರು. ನನಗದು ಗೊತ್ತಿತ್ತು.

ಎದ್ದು ಎಸರಿಟ್ಟೆ.