ಅರಮನೆಯ ಕಲ್ಲಿಗೆ ಕುಂಕುಮ ಹಚ್ಚಬಾರದು

ಶಿವಮೊಗ್ಗದ ಹಳೇ ಅರಮನೆಯೊಂದರಲ್ಲಿ ಕಾವಲು ಕೆಲಸ ನನ್ನದು. ನಗುವುದಕ್ಕೆ ನಾನು ಬೇರೆಲ್ಲೂ ಹೋಗಬೇಕಿಲ್ಲ, ಜನ ಟಿಕೆಟ್ ತಗೊಂಡು ಒಳಗೆ ಬಂದು ನಗಿಸಿ ಹೋಗುತ್ತಾರೆ. ಈ ಸಲ ಮಾತ್ರ ನನ್ನ ಜಾಗಕ್ಕೇ ಸಂಚಕಾರ ಬಂದಿತ್ತು.

೧. ಕತ್ತಿ ಹಿಡಿದವನು

ಅರಮನೆಯ ತೋಟದಲ್ಲಿ, ಯುದ್ಧದಲ್ಲಿ ಮಡಿದವರ ವೀರಗಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಮಲವಗೊಪ್ಪದ ಅಜ್ಜಿಯೊಬ್ಬರು ಪ್ರತಿ ಶುಕ್ರವಾರ ಬಂದು ಅದರಲ್ಲೊಂದಕ್ಕೆ ಕುಂಕುಮ ಹಚ್ಚಿ, ಹೂವಿಟ್ಟು, ಬಾಳೆಹಣ್ಣು ನೈವೇದ್ಯ ಮಾಡಿ ಹೋಗುತ್ತಿದ್ದರು.

"ಅಜ್ಜೀ, ಇದು ದೇವರಲ್ಲ. ಇವನು ಯಾರು ಅಂತಾದ್ರೂ ನಿಮಗೆ ಗೊತ್ತಾ?" ಎಂದು ಒಂದು ದಿನ ಕೇಳಿದೆ.

"ಗೊತ್ತಿಲ್ಲ ಕಣಪ್ಪಾ. ಕೈಯಲ್ಲಿ ಕತ್ತಿ ಇದೆ ನೋಡು. ಯಾವುದಕ್ಕೂ ಇರ್ಲಿ ಅಂತ ಹಚ್ತೀನಿ."

೨. ಬೋರ್ಡು

ಆ ಕುಂಕುಮ ನಮ್ಮ ಸಾಹೇಬರ ಕಣ್ಣಿಗೆ ಬಿತ್ತು.

"ಇನ್ನೊಂದು ಸಲ ಕಲ್ಲಿನ ಮೇಲೆ ಕುಂಕುಮ ಕಂಡ್ರೆ, ನಿನ್ನನ್ನ ಬಸ್ಸೇ ಹೋಗದ ಯಾವುದಾದ್ರೂ ಪಾಳು ಕೋಟೆಗೆ ಹಾಕ್ತೀನಿ!"

ಇಲ್ಲೇ ಹೊಸಮನೆ ಬಡಾವಣೆಯಲ್ಲಿ ನನ್ನ ಮನೆ. ಮಧ್ಯಾಹ್ನ ಹೆಂಡತಿ ಬಿಸಿ ಊಟದ ಕ್ಯಾರಿಯರ್ ಕಳಿಸುತ್ತಾಳೆ. ಪಾಳು ಕೋಟೆಯಲ್ಲಿ ನನಗೆ ಸಾರು ಬಡಿಸುವವರು ಯಾರು?

ಭದ್ರಾವತಿಯಲ್ಲಿ ಲಾರಿಗಳಿಗೆ ಬಣ್ಣ ಬರೆಯುವ ಭಾಯ್ ಒಬ್ಬ ನನ್ನ ಹಳೇ ಗೆಳೆಯ. 'ಪೂಜೆ ಮಾಡಬಾರದು' ಎಂದು ಒಂದು ಬೋರ್ಡು ಬರೆದುಕೊಡು ಅಂದೆ. ಪೇಪರ್ ಸುತ್ತಿ ಬಸ್ಸಿಗೆ ಹಾಕಿ ಕಳಿಸಿದ. ಬಿಚ್ಚಿ ನೋಡಿದರೆ ಮೇಲೆ ದೊಡ್ಡದಾಗಿ 'ಶ್ರೀ', ಎರಡೂ ಕಡೆ ಅರಳಿದ ಕಮಲ, ಕೆಳಗೆ ಉರಿಯುವ ದೀಪ. ನಡುವೆ ಎಲ್ಲೋ ಸಣ್ಣಕ್ಷರದಲ್ಲಿ ನನ್ನ ಮಾತು. ಫೋನ್ ಮಾಡಿ ರೇಗಿದೆ.

"ಶ್ರೀ ಬರೀದೆ ನನ್ನ ಬ್ರಷ್ಷೇ ಓಡಲ್ಲ ಮಾರಾಯ, ಮೂವತ್ತು ವರ್ಷದ ಆದತ್. ಕಮಲ ಮಾತ್ರ ನೀನು ದೋಸ್ತ್ ಅಂತ ಹಾಕಿದ್ದು."

ವಿಧಿಯಿಲ್ಲದೆ ಅದನ್ನೇ ನೆಟ್ಟೆ. ಶುಕ್ರವಾರ ಸಂಜೆ ಹೋಗಿ ನೋಡಿದರೆ ಕಲ್ಲುಗಳೆಲ್ಲ ಥಳಥಳ. ಬೋರ್ಡಿಗೆ ಮಾತ್ರ ಕುಂಕುಮ, ಮಲ್ಲಿಗೆ ಹಾರ, ಎದುರಿಗೆ ಎರಡು ಊದುಬತ್ತಿ!

೩. ಸಾಹೇಬರ ತಪಾಸಣೆ

ಮುಂದಿನ ಶುಕ್ರವಾರವೇ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂತು. ಬೋರ್ಡನ್ನು ಕಿತ್ತು ಒಳಗಿಟ್ಟು, ಕೋಲು ಹಿಡಿದು, ವೀರಗಲ್ಲುಗಳ ಸಾಲಿನಲ್ಲಿದ್ದ ಕಟ್ಟೆಯ ಮೇಲೆ ನಾನೇ ಕೂತೆ. ಅವತ್ತು ಊಟಕ್ಕೆ ಕಳಲೆ ಪಲ್ಯ ಬಂದಿತ್ತು, ಸ್ವಲ್ಪ ಜಾಸ್ತಿಯೇ ತಿಂದಿದ್ದೆ. ಕೂತಲ್ಲೇ, ಬೆನ್ನು ನೆಟ್ಟಗಿರುವಾಗಲೇ ಕಣ್ಣು ಮುಚ್ಚಿಹೋಯಿತು.

"ಏನಯ್ಯಾ ಇದು?"

ಎಚ್ಚರವಾದರೆ ಎದುರಿಗೆ ಸಾಹೇಬರು! ಕೂತಲ್ಲಿಂದಲೇ ಧಡಕ್ಕನೆ ಸೆಲ್ಯೂಟ್ ಹೊಡೆದೆ.

"ಸಾರ್, ನೋಡಿ ಸಾರ್, ಒಂದು ಕಲ್ಲಿನ ಮೇಲೂ ಕುಂಕುಮ ಇಲ್ಲ!"

"ಕಲ್ಲಿನ ಮೇಲಿಲ್ಲ ಸರಿ. ನಿನ್ನ ಹಣೆ ಮೇಲಿರೋದೇನು?"

ಮುಟ್ಟಿ ನೋಡಿಕೊಂಡೆ. ಬೆರಳೆಲ್ಲ ಕೆಂಪು. ಟೋಪಿಯಿಂದ ಸೇವಂತಿಗೆ ಉದುರಿತು. ಮಡಿಲಲ್ಲಿ ಎರಡು ಬಾಳೆಹಣ್ಣು. ನಾಚಿಕೆಯಿಂದ ಭೂಮಿಗಿಳಿದುಹೋದೆ. ಪಕ್ಕದಲ್ಲೇ ಅಜ್ಜಿ ಕೈ ಮುಗಿದು ನಿಂತಿದ್ದರು.

"ಬೈಬೇಡಿ ಸ್ವಾಮೀ. ದೇವರಿಗೆ ಅಂತ ತಂದ ಹೂವ ವಾಪಸ್ ಒಯ್ಯೋ ಹಾಗಿಲ್ಲ. ಕಲ್ಲಿಗೆ ಬೇಡ ಅಂದ, ಇವತ್ತು ಬೋರ್ಡನ್ನೂ ಕಿತ್ತಿದ್ದ. ಇವನು ಕೋಲು ಹಿಡ್ಕೊಂಡು ಅಲ್ಲಾಡದೆ ಕೂತಿದ್ದ. ಯಾವುದಕ್ಕೂ ಇರ್ಲಿ ಅಂತ ಹಚ್ಚಿದೆ."

ಸಾಹೇಬರ ಮುಖ ಬಿಗಿಯಿತು. ನನ್ನ ಕಣ್ಣ ಮುಂದೆ ಪಾಳು ಕೋಟೆ ಬಂದು ನಿಂತಿತು. ಅಷ್ಟರಲ್ಲಿ ಅವರ ಹೊಟ್ಟೆ ಕುಲುಕತೊಡಗಿತು. ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಇಲ್ಲೇ ಇರು ಮಾರಾಯ. ಪ್ರತಿಷ್ಠಾಪನೆ ಆದ ಮೂರ್ತಿನ ಕದಲಿಸಿದ ಪಾಪ ನನಗೆ ಬೇಡ" ಎಂದವರೇ, ನನ್ನ ಮಡಿಲಿನಿಂದ ಒಂದು ಬಾಳೆಹಣ್ಣು ಎತ್ತಿ ಕಣ್ಣಿಗೊತ್ತಿಕೊಂಡು ಸುಲಿದರು.